ಲಿಫ್ಟ್ ಇಲ್ಲದೆ ಜಿಮ್ನಿಗೆ ದೊಡ್ಡ ಟಯರ್: 235 ನಿಜವಾಗಲೂ ಕೂರುತ್ತಾ?

ನಿಟ್ಟೂರು ಮಣ್ಣುದಾರಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಮನೆ ನಿಟ್ಟೂರಿನಿಂದ ಒಳಗೆ. ಟಾರು ರಸ್ತೆ ಬಿಟ್ಟ ಮೇಲೆ ಎರಡೂವರೆ ಕಿಲೋಮೀಟರ್ ಮಣ್ಣು ದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಬಲಕ್ಕೆ ತಿರುಗುವ ಏರು. ಗೊಬ್ಬರದ ಟ್ರ್ಯಾಕ್ಟರ್, ಅಡಿಕೆ ಪಿಕಪ್ ಓಡಾಡಿ ಜಾಡು ಆಳ ಬಿದ್ದಿದೆ. ನಡುದಿಣ್ಣೆ ಮಾತ್ರ ಹಾಗೇ ನಿಂತಿದೆ. ಹೋದ ವರ್ಷ ಪುಷ್ಯ ಮಳೆಯಲ್ಲಿ ನಮ್ಮ ಮಾರುತಿ ಜಿಮ್ನಿ ಜೀಪಿನ ಹಿಂದಿನ ಹೌಸಿಂಗ್ (ಎರಡು ಚಕ್ರದ ನಡುವೆ ಆಕ್ಸಲ್ ಮೇಲಿರುವ ಕಬ್ಬಿಣದ ಉಬ್ಬು) ಆ ದಿಣ್ಣೆ ಮೇಲೆ ಕೂತುಬಿಟ್ಟಿತು. ನಾಲ್ಕೂ ಚಕ್ರ ನಿಧಾನಕ್ಕೆ ಬಲವಾಗಿ ಎಳೆಯುವ ಫೋರ್ ಲೋ ಹಾಕಿದರೂ ಚಕ್ರ ಸುಮ್ನೆ ತಿರುಗಿದ್ದೇ ಬಂತು. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು, ಗುದ್ದಲಿ ಹಿಡಿದು ನಡೆದು ಬಂದು ಅಡಿಯ ಮಣ್ಣು ಕೆರೆದರು. ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ಬೇಜಾರಾಯ್ತು.

ಈಗ ಕಂಪನಿ ಟಯರ್ 195/80 ಆರ್ 15 ಸವೆದಿವೆ. ಹೇಗೂ ಹೊಸದು ಹಾಕಬೇಕು, ಒಂದು ಸೈಜ್ ದೊಡ್ಡದೇ ಹಾಕೋಣ ಅಂತ ಆಸೆ. 215/75 ಆರ್ 15 ಅಥವಾ 235/75 ಆರ್ 15. ಲಿಫ್ಟ್, ಅಂದರೆ ಸ್ಪ್ರಿಂಗ್ ಬದಲಿಸಿ ಗಾಡಿಯ ಬಾಡಿ ಎತ್ತಿಸುವುದು, ಬೇಡ. ಅಮ್ಮನಿಗೆ ಮಂಡಿ ನೋವು, ಈಗಲೇ ಹತ್ತುವಾಗ ಬಾಗಿಲು ಹಿಡಿದುಕೊಂಡು ದೇವರ ಹೆಸರು ಹೇಳುತ್ತಾರೆ. ದುಡ್ಡೂ ಅಷ್ಟಿಲ್ಲ.

ಶಿವಮೊಗ್ಗದ ಒಂದು ಟಯರ್ ಅಂಗಡಿಯಲ್ಲಿ ಕೇಳಿದೆ. ‘235 ಆರಾಮಾಗಿ ಕೂರುತ್ತೆ, ಇವತ್ತೇ ಹಾಕಿ ಕೊಡ್ತೀನಿ’ ಅಂದರು. ನಿಜವಾ?

ಬೆಂಗಳೂರು ಥಾರ್

ಗುರು, ಯೋಚನೆ ಯಾಕೆ, 235 ಹಾಕು. ಬಂಪರ್ ಮೂಲೆ ತಾಗಿದರೆ ಗ್ರೈಂಡರ್ ಹಿಡಿದು ಒಂದಿಷ್ಟು ಕತ್ತರಿಸು, ಮಡ್‌ಫ್ಲ್ಯಾಪ್ ಬಿಚ್ಚಿ ಎಸಿ. ನಾನು ಥಾರ್‌ಗೆ 245/75 ಆರ್ 16 ತೆಗೆದು 265/75 ಆರ್ 16 ಹಾಕಿದ್ದೇನೆ, ಲಿಫ್ಟ್ ಇಲ್ಲ. ನೋಡೋಕೆ ಗಾಡಿ ಬೇರೆಯೇ ಆಯ್ತು.

ದನದ ಡಾಕ್ಟ್ರು

ಥಾರ್‌ನ ಲೆಕ್ಕ ಜಿಮ್ನಿಗೆ ಬರುವುದಿಲ್ಲ ಸಾರ್. ಒಳಗಿನ ಜಾಗವೇ ಬೇರೆ.

ಸ್ಪ್ಯಾನರ್ ಹದಿನೇಳು

ಶಿವಮೊಗ್ಗದಲ್ಲಿ ಗ್ಯಾರೇಜ್ ಇಟ್ಟುಕೊಂಡವನು ನಾನು. ‘ಕೂರುತ್ತೆ’ ಅನ್ನುವ ಮಾತು ಕೇಳಿದರೆ ಸಾಕು, ನನಗೆ ಸಿಟ್ಟು ಬರುತ್ತದೆ. ಗಾಡಿ ನಿಂತಿರುವಾಗ ಕೂರದ ಟಯರ್ ಯಾವುದಿದೆ ಮಾರಾಯ್ರೆ? ಸ್ಟೇರಿಂಗ್ ಪೂರ್ತಿ ತಿರುಗಿಸಿ, ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಮೇಲಕ್ಕೆ ಎದ್ದಾಗ ಎಲ್ಲಿ ತಾಗುತ್ತದೆ ಅನ್ನೋದು ವಿಷಯ.

ಮೊದಲು ಲೆಕ್ಕ. 195/80 ಆರ್ 15 ಅಂದರೆ ಅಗಲ 195 ಮಿ.ಮೀ., ಗೋಡೆಯ ಎತ್ತರ ಅದರ ಶೇ. 80. ಗೋಡೆ ಮೇಲೊಂದು ಕೆಳಗೊಂದು, ನಡುವೆ 15 ಇಂಚಿನ ರಿಮ್. ಎಲ್ಲ ಕೂಡಿಸಿದರೆ ಎತ್ತರ 693 ಮಿ.ಮೀ. 215/75 ಆದರೆ 703.5. 235/75 ಆದರೆ 733.5. ಅಂದರೆ 215ರಿಂದ ಎತ್ತರ ಬರೀ ಒಂದು ಸೆಂಟಿಮೀಟರ್ ಜಾಸ್ತಿ. 235ರಿಂದ ನಾಲ್ಕು. ಆದರೆ ಹೌಸಿಂಗ್ ಏಳುವುದು ಅದರಲ್ಲಿ ಅರ್ಧ ಮಾತ್ರ, ಉಳಿದ ಅರ್ಧ ಆಕ್ಸಲ್‌ನ ಮೇಲ್ಭಾಗಕ್ಕೆ ಹೋಗುತ್ತದೆ. 215 ಹಾಕಿದರೆ 5 ಮಿ.ಮೀ., 235 ಹಾಕಿದರೆ 20 ಮಿ.ಮೀ. ನಿಮ್ಮ ಅಪ್ಪಯ್ಯನ ಗುದ್ದಲಿಯ ಒಂದು ಏಟಿಗೆ ಅದಕ್ಕಿಂತ ಜಾಸ್ತಿ ಮಣ್ಣು ಬರುತ್ತದೆ, ಅಲ್ವಾ?

ಆದರೂ ಒಂದು ಮಾತು ಒಪ್ಪಬೇಕು. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಇಂಥ ಗಾಡಿಯಲ್ಲಿ ಲಿಫ್ಟ್ ಹಾಕಿಸಿದರೆ ಬಾಡಿ ಏಳುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. ಹೌಸಿಂಗ್ ಎತ್ತುವುದು ಟಯರ್ ಒಂದೇ. ಹಾಗಾಗಿ ನಿಮ್ಮ ಆಲೋಚನೆ ತಪ್ಪಲ್ಲ, ಎಷ್ಟು ಅನ್ನೋದಷ್ಟೇ ಪ್ರಶ್ನೆ.

ಈಗ ಎಲ್ಲಿ ತಾಗುತ್ತದೆ ಅಂತ. ಮುಂದಿನ ಚಕ್ರ ಪೂರ್ತಿ ತಿರುಗಿದಾಗ ಟಯರಿನ ಮುಂಭಾಗ ಬಂಪರ್ ಮೂಲೆಗೆ, ಹಿಂಭಾಗ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಮತ್ತು ಮಡ್‌ಫ್ಲ್ಯಾಪಿಗೆ ತಾಗುತ್ತದೆ. ಇವೆರಡು ದೊಡ್ಡ ತಲೆನೋವಲ್ಲ. ಲೈನರನ್ನು ಹೀಟ್ ಗನ್ನಿನಲ್ಲಿ ಬಿಸಿ ಮಾಡಿ ಒಳಕ್ಕೆ ಒತ್ತಬಹುದು, ಕಟ್ ಮಾಡಲೂಬಹುದು. ಆದರೆ ಮೂರನೇ ಜಾಗ ಇದೆ. ಟಯರಿನ ಒಳಗೋಡೆ, ಮುಂದಿನ ಆಕ್ಸಲನ್ನು ಚಾಸಿಗೆ ಹಿಡಿದಿಡುವ ಉದ್ದನೆಯ ಆರ್ಮಿಗೆ ಉಜ್ಜುತ್ತದೆ. ಅದು ಕಬ್ಬಿಣ, ಗ್ರೈಂಡರ್ ಹಿಡಿಯುವ ಹಾಗಿಲ್ಲ. ಆ ಆರ್ಮ್ ಆಕ್ಸಲ್ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಹಾಗಾಗಿ ಲಿಫ್ಟ್ ಹಾಕಿಸಿದವರಿಗೂ ಅದು ತಪ್ಪಿದ್ದಲ್ಲ. ಇದು ಗೊತ್ತಿಲ್ಲದೆ ಲಿಫ್ಟಿಗೆ ದುಡ್ಡು ಸುರಿದು, ಆಮೇಲೆ ‘ಇನ್ನೂ ತಾಗುತ್ತಲ್ಲ’ ಅಂತ ನನ್ನ ಹತ್ತಿರ ಬಂದವರಿದ್ದಾರೆ.

ಬೆಂಗಳೂರು ಥಾರ್

ಅದಕ್ಕೇ ಸ್ಪೇಸರ್ ಇರೋದು. ಚಕ್ರ ಹೊರಗೆ ತಳ್ಳಿದರೆ ಆರ್ಮ್ ತಾಗಲ್ಲ. ಇಲ್ಲಾಂದ್ರೆ ಆಫ್‌ಸೆಟ್ ಕಮ್ಮಿ ಇರೋ ರಿಮ್, ಅದರಲ್ಲೂ ಚಕ್ರ ಹೊರಗೆ ಕೂರುತ್ತೆ.

ಸ್ಪ್ಯಾನರ್ ಹದಿನೇಳು

ಸರಿ. ಒಳಗೆ ತಾಗುವುದು ನಿಲ್ಲುತ್ತದೆ, ಹೊರಗೆ ತಾಗುವುದು ಶುರುವಾಗುತ್ತದೆ. ಚಕ್ರ ಹೊರಗೆ ಬಂದಷ್ಟೂ ತಿರುಗುವಾಗ ದೊಡ್ಡ ಸುತ್ತು ಹೊಡೆಯುತ್ತದೆ, ಬಂಪರ್ ಮೂಲೆಗೆ ಇನ್ನೂ ಹತ್ತಿರ ಬರುತ್ತದೆ. ಬೇರಿಂಗಿನ ಮೇಲೆ ಹೊರೆ. ಕಲ್ಲು ಸಿಕ್ಕಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಎಳೆಯುತ್ತದೆ. ಕೆಸರು ಪೂರ್ತಿ ಬಾಗಿಲಿಗೆ, ಕನ್ನಡಿಗೆ.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಜಿಮ್ನಿಯ ಕಂಪನಿ ರಿಮ್ ಐದೂವರೆ ಇಂಚು ಅಗಲ. 235/75 ಆರ್ 15 ಟಯರಿಗೆ ಕಡಿಮೆ ಅಂದರೂ ಆರು ಇಂಚಿನ ರಿಮ್ ಬೇಕು. ಕಂಪನಿ ರಿಮ್ಮಿಗೇ ಹಾಕಿದರೆ ಬಾಯಿ ಕಟ್ಟಿದ ಗೋಣಿಚೀಲದ ಹಾಗೆ ಹೊಟ್ಟೆ ಉಬ್ಬುತ್ತದೆ. ತಿರುವಿನಲ್ಲಿ ಓಲಾಟ, ನಡುವೆ ಮಾತ್ರ ಸವೆತ. 215/75 ಆದರೆ ಐದೂವರೆ ಇಂಚಿಗೆ ಸರಿಯಾಗುತ್ತದೆ. ಅಂಗಡಿಯವರು ನಿಮಗೆ ಇದನ್ನು ಹೇಳಿದರಾ?

ನಿಟ್ಟೂರು ಮಣ್ಣುದಾರಿ

ಇಲ್ಲ. ರಿಮ್ ವಿಷಯವೇ ಬರಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗದ ಹಾಗೆ ನಕಲ್ (ಮುಂದಿನ ಚಕ್ರ ತಿರುಗುವ ಕೀಲು) ಹತ್ತಿರದ ಸ್ಟಾಪರ್ ಬೋಲ್ಟಿಗೆ ವಾಷರ್ ಹಾಕಿದರೆ ಆರ್ಮ್ ತಾಗುವುದಿಲ್ಲ ಅಂತ ಎಲ್ಲೋ ನೋಡಿದೆ. ಅದು ಸುಲಭ ಅಲ್ವಾ?

ದನದ ಡಾಕ್ಟ್ರು

ದಯವಿಟ್ಟು ಬೇಡ. ನಾನು ಹೊಸನಗರದ ಕಡೆ ಹಳ್ಳಿ ಸುತ್ತುವವಳು. ರಾತ್ರಿ ಕರು ಹಾಕಲು ಕಷ್ಟಪಡುವ ಹಸು ಇದ್ದರೆ ಹೊರಡಲೇಬೇಕು, ಮಳೆ ಅಂತ ಕೂರುವ ಹಾಗಿಲ್ಲ. ಒಂದು ವರ್ಷ ಬೇರೆಯವರ ಜಿಮ್ನಿ ಓಡಿಸಿದೆ. ಅದಕ್ಕೆ 235 ಹಾಕಿ, ಹೀಗೇ ವಾಷರ್ ಕೂರಿಸಿದ್ದರು. ಒಂದು ಮನೆಗೆ ಹೋಗುವ ದಾರಿಯಲ್ಲಿ, ಒಂದು ಕಡೆ ದರೆ, ಇನ್ನೊಂದು ಕಡೆ ತೋಟ ಕೆಳಗೆ. ನನ್ನ ಗಾಡಿಯಾಗಿದ್ದರೆ ಒಂದೇ ಸಲ ತಿರುಗುತ್ತಿದ್ದ ಜಾಗ. ಇದರಲ್ಲಿ ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು, ಅದೂ ಹಿಂದಿನ ಚಕ್ರ ತೋಟದ ಅಂಚಿನಲ್ಲಿ. ಮನೆಯ ಯಜಮಾನರು ಟಾರ್ಚ್ ಹಿಡಿದು ‘ಬರ್ಲಿ ಬರ್ಲಿ ಬರ್ಲಿ… ಸಾಕೂ!’ ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಹುಲಿಕಲ್, ಆಗುಂಬೆ ಘಾಟಿಯ ತಿರುವಿನಲ್ಲೂ ಅಷ್ಟೇ. ನಮ್ಮ ಊರಿನಲ್ಲಿ ಎರಡು ಸೆಂಟಿಮೀಟರ್ ಎತ್ತರಕ್ಕಿಂತ ಚಕ್ರ ಪೂರ್ತಿ ತಿರುಗುವುದು ಮುಖ್ಯ.

ಈಗ ನನ್ನ ಗಾಡಿಯಲ್ಲಿ 215/75 ಎಟಿ (ಟಾರು, ಮಣ್ಣು ಎರಡಕ್ಕೂ ಆಗುವ ಟಯರ್) ಇದೆ. ಕಂಪನಿ ರಿಮ್, ಲಿಫ್ಟ್ ಇಲ್ಲ, ಏನೂ ಕತ್ತರಿಸಿಲ್ಲ. ಎರಡು ಮಳೆಗಾಲ ಕಳೆದವು. ಎಲ್ಲೂ ತಾಗಿಲ್ಲ. ತುಂಬಾ ಸೊಗಸೇನೂ ಕಾಣುವುದಿಲ್ಲ, ಹಸುಗಳಿಗೆ ಬೇಜಾರಿಲ್ಲ.

ಕೊಪ್ಪದ ಹಳೆ ಜೀಪು

ಡಾಕ್ಟ್ರಮ್ಮ ಹೇಳಿದ್ದು ಸರಿ. ನಾನು ಮೂವತ್ತು ವರ್ಷ ಎಸ್ಟೇಟ್ ಜೀಪು ಓಡಿಸಿದವನು. ನೀವು ಎತ್ತರದ ಮಾತೇ ಆಡುತ್ತಿದ್ದೀರಿ, ಅಗಲದ ಮಾತು ಯಾರೂ ಆಡಲಿಲ್ಲ.

ತಮ್ಮಾ, ನಿಮ್ಮ ದಾರಿಯ ಕೆಸರು ಎಂಥದು? ಮೇಲೆ ಒಂದು ಗೇಣು ಗೊಜ್ಜು, ಅದರ ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ ನೆಲ ಆದರೆ ಕಿರಿದಾದ ಟಯರೇ ಒಳ್ಳೆಯದು. ಗೊಜ್ಜು ಸೀಳಿಕೊಂಡು ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಗೊಜ್ಜಿನ ಮೇಲೇ ತೇಲಿ ಜಾರುತ್ತದೆ. ಗದ್ದೆಯ ಹಾಗೆ ತಳವೇ ಸಿಗದ ಕೆಸರಾದರೆ ಮಾತ್ರ ಅಗಲ ಬೇಕು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿಗೆ ಇದ್ದದ್ದು 6.00-16 ಟಯರ್. ಆರೇ ಇಂಚು ಅಗಲ. ಅದು ಹೋಗದ ಜಾಗ ಯಾವುದು? ನಿಮ್ಮ ನಿಟ್ಟೂರಿನಿಂದ ಮುಂದೆ ಕಟ್ಟಿನಹೊಳೆಗೆ ಹೋಗಿ, ಕೊಡಚಾದ್ರಿಗೆ ಜನ ಹತ್ತಿಸುವ ಜೀಪುಗಳ ಚಕ್ರ ನೋಡಿ ಬನ್ನಿ. 1,343 ಮೀಟರ್ ಎತ್ತರದ ಬೆಟ್ಟ, ಆ ದಾರಿಗೆ ದಾರಿ ಅನ್ನುವುದೇ ದೊಡ್ಡ ಮಾತು. ಅಲ್ಲಿ ಅಗಲದ ಟಯರ್ ಹಾಕಿಕೊಂಡವರನ್ನು ನಾನಂತೂ ಕಂಡಿಲ್ಲ.

ಮತ್ತೆ ಚೈನ್. ಆರಿದ್ರಾ ಹಿಡಿದ ಮೇಲೆ ನಾವು ಚಕ್ರಕ್ಕೆ ಚೈನ್ ಕಟ್ಟುತ್ತಿದ್ದೆವು. ಬರೀ ಟಯರೇ ಒಳಗೆ ಬೆರಳು ತೂರದ ಹಾಗೆ ಕೂತಿದ್ದರೆ ಚೈನ್ ಎಲ್ಲಿಗೆ ಹೋಗುತ್ತದೆ? ಸಡಿಲಾದ ಒಂದು ಕೊಂಡಿ ಸಾಕು, ಬ್ರೇಕ್ ಪೈಪ್ ಹರಿಯುವುದಕ್ಕೆ. ಘಾಟಿ ಇಳಿಯುವಾಗ ಬ್ರೇಕ್ ಹೋದರೆ ಎಂತ ಮಾಡ್ತೀರಿ?

ಬೆಂಗಳೂರು ಥಾರ್

ಅಣ್ಣ, ಈಗ ಚೈನ್ ಯಾರು ಹಾಕ್ತಾರೆ?

ಕೊಪ್ಪದ ಹಳೆ ಜೀಪು

ಜುಲೈನಲ್ಲಿ ಬನ್ನಿ. ತೋರಿಸುತ್ತೇನೆ. ಉಂಬಳಕ್ಕೆ ಸುಣ್ಣ ನಾನೇ ಕೊಡುತ್ತೇನೆ.

ಕಲಂ ಐವತ್ತೆರಡು

ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ ಏನು ಹೇಳುತ್ತೇನೆ ಅಂತ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಬಂಪರ್ ಕತ್ತರಿಸಿ, ಚಕ್ರ ಹೊರಗೆ ತಳ್ಳಿ ಓಡಿಸುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪೊಲೀಸರು ಬಿಟ್ಟರೂ, ಅಪಘಾತವಾದ ಮೇಲೆ ಇನ್ಶೂರೆನ್ಸಿನವರು ಮೊದಲು ನೋಡುವುದೇ ಇಂಥದನ್ನು.

ಟಯರ್ ಕೊಳ್ಳುವಾಗ ಸೈಜ್ ಒಂದೇ ನೋಡಬೇಡಿ. ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್ ನೋಡಿ. 96 ಅಂದರೆ ಒಂದು ಟಯರ್ 710 ಕಿಲೋ ಹೊರುತ್ತದೆ. ಹಳೆಯದಕ್ಕಿಂತ ಕಡಿಮೆ ಇರುವುದನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಸ್ಪ್ಯಾನರ್ ಹದಿನೇಳು

ವಕೀಲರು ಹೆದರಿಸಿದ್ದಾಯಿತು. ಈಗ ಕೆಲಸದ ಮಾತು. ಹುಡುಗಾ, ಯಾರ ಮಾತನ್ನೂ ನಂಬಬೇಡ, ನನ್ನದನ್ನೂ. ಕೊಳ್ಳುವ ಮೊದಲು ಒಂದೇ ಒಂದು 235 ಚಕ್ರ ಯಾರ ಹತ್ತಿರವಾದರೂ ಸಾಲ ತಾ. ಮುಂದೆ ಎಡಕ್ಕೆ ಹಾಕು. ಟಯರಿನ ಅಂಚಿಗೆಲ್ಲ ಸೀಮೆಸುಣ್ಣ ಒದ್ದೆ ಮಾಡಿ ದಪ್ಪಗೆ ಬಳಿ. ಆ ಚಕ್ರದ ಅಡಿಗೆ ಮರದ ದಿಮ್ಮಿ ಕೊಟ್ಟು ಮೇಲಕ್ಕೆ ಹತ್ತಿಸು. ಹಿಂದೆ ಬಲಚಕ್ರಕ್ಕೂ ಒಂದು ದಿಮ್ಮಿ. ಗಾಡಿ ಮೂಲೆಯಿಂದ ಮೂಲೆಗೆ ತಿರುಚಿಕೊಳ್ಳಬೇಕು. ಹಿಂದಿನ ಸೀಟಿನಲ್ಲಿ ಎರಡು ಚೀಲ ಗೊಬ್ಬರ ಇಡು, ಖಾಲಿ ಗಾಡಿಯಲ್ಲಿ ನೋಡಿದರೆ ಪ್ರಯೋಜನ ಇಲ್ಲ. ಆಮೇಲೆ ನಿಧಾನ ಸ್ಟೇರಿಂಗ್ ಈ ಕಡೆ ಪೂರ್ತಿ, ಆ ಕಡೆ ಪೂರ್ತಿ. ಇಳಿದು, ಟಾರ್ಚ್ ಹಿಡಿದು ಬಿಳಿ ಎಲ್ಲೆಲ್ಲಿ ಹತ್ತಿದೆ ನೋಡು. ಬ್ರೇಕ್ ಹೋಸ್, ಎಬಿಎಸ್ ವೈರ್ ಹತ್ತಿರ ಬಿಳಿ ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಚಕ್ರದ ಹಿಂದೆ ಮುಂದೆ ಕಲ್ಲು ಕೊಡುವುದನ್ನು ಮರೆಯಬೇಡ. ದಿಮ್ಮಿ ಮೇಲಿರುವ ಗಾಡಿಯ ಅಡಿಗೆ ತಲೆ ಹಾಕಲೇಬೇಡ.

ಚಕ್ರವನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ತೂಕವನ್ನೂ ನೋಡು.

ನಿಟ್ಟೂರು ಮಣ್ಣುದಾರಿ

ಹನ್ನೊಂದು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಅಡಿಕೆ ಸುಲಿಯುವ ಕೆಲಸ ಇತ್ತು.

ಸಾಗರದ ಒಬ್ಬ ಗೆಳೆಯ 235/75ರ ಒಂದು ಚಕ್ರ ಕೊಟ್ಟ. ಅವನ ರಿಮ್ ಆರು ಇಂಚಿನದು, ಆಫ್‌ಸೆಟ್ ಕಂಪನಿಯದಕ್ಕೆ ಹತ್ತಿರವೇ ಇತ್ತು. ಅಂಗಳದಲ್ಲಿ ಹಲಸಿನ ದಿಮ್ಮಿ ಎರಡು ಬಿದ್ದಿದ್ದವು, ಅವನ್ನೇ ಕೊಟ್ಟೆ. ಸೀಮೆಸುಣ್ಣ ಸಿಗಲಿಲ್ಲ, ಅಮ್ಮ ಎಲೆಗೆ ಹಚ್ಚುವ ಸುಣ್ಣದ ಡಬ್ಬಿ ಕೊಟ್ಟರು. ‘ಮುಗಿಸಿದರೆ ಹೊಸದು ತಂದುಕೊಡು’ ಅಂತ ಮೊದಲೇ ಹೇಳಿದರು. ಹಿಂದೆ ಗೊಬ್ಬರದ ಚೀಲ ಎರಡು.

ಸ್ಟೇರಿಂಗ್ ಬಲಕ್ಕೆ ತಿರುಗಿಸುತ್ತಾ ಹೋದೆ. ಕೊನೆಗೆ ಇನ್ನು ಕಾಲು ಸುತ್ತು ಇದೆ ಅನ್ನುವಾಗ ‘ಗರ್’ ಅಂತ ಶಬ್ದ. ದೊಡ್ಡದೇನಲ್ಲ, ತೆಂಗಿನಕಾಯಿ ತುರಿಯುವಾಗ ಬರುತ್ತದಲ್ಲ, ಹಾಗೆ. ಇಳಿದು ನೋಡಿದರೆ ಬಂಪರ್ ಮೂಲೆಯಲ್ಲಿ ಅಂಗೈ ಅಗಲ ಬಿಳಿ. ಲೈನರ್ ತುಂಬಾ ಬಿಳಿ. ಎಡಕ್ಕೆ ತಿರುಗಿಸಿದಾಗ ಶಬ್ದವೇ ಬರಲಿಲ್ಲ, ಖುಷಿಯಾಯಿತು. ಆದರೆ ಟಾರ್ಚ್ ಬಿಟ್ಟರೆ ಆರ್ಮಿನ ಮೇಲೆ ಎರಡು ಬೆರಳು ಉದ್ದದ ಬಿಳಿ ಗೆರೆ. ಮೊಬೈಲ್ ಕೋಲಿಗೆ ಕಟ್ಟಿ ಫೋಟೋ ತೆಗೆದೆ. ಶಬ್ದ ಮಾಡಿದ್ದು ಪ್ಲಾಸ್ಟಿಕ್, ಸುಮ್ಮನಿದ್ದದ್ದು ಕಬ್ಬಿಣ.

ತಕ್ಕಡಿಯಲ್ಲಿ ಕಂಪನಿ ಚಕ್ರಕ್ಕಿಂತ ನಾಲ್ಕು ಕಿಲೋ ಮೇಲೆಯೇ ಬಂತು. ಐದನೆಯದು ಹಿಂಬಾಗಿಲಿನಲ್ಲಿ ನೇತಾಡಬೇಕು. ಸ್ಟೆಪ್ನಿಗೆ ಹಳೆಯದನ್ನೇ ಇಡೋಣ ಅಂದುಕೊಂಡಿದ್ದೆ, ಆಗುತ್ತಾ?

ಸ್ಪ್ಯಾನರ್ ಹದಿನೇಳು

235 ಜೊತೆ ಆಗುವುದೇ ಇಲ್ಲ. ನಾಲ್ಕು ಸೆಂಟಿಮೀಟರ್ ಚಿಕ್ಕ ಚಕ್ರ ಒಂದು ಕಡೆ ಹಾಕಿ ಫೋರ್ ವೀಲ್ ಎಳೆದರೆ ಹಿಂದೆ ಮುಂದೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ಶಾಫ್ಟ್ ಒಂದಕ್ಕೊಂದು ಜಗ್ಗಾಡುತ್ತವೆ. ಪಂಚರ್ ಆಗುವುದು ಯಾವಾಗಲೂ ಫೋರ್ ವೀಲ್ ಬೇಕಾದ ಜಾಗದಲ್ಲೇ. ಐದೂ ಒಂದೇ ಸೈಜ್ ಇರಬೇಕು. 215ಕ್ಕೆ ಹಳೆಯದು ಒಂದು ಸೆಂಟಿಮೀಟರ್ ಮಾತ್ರ ಚಿಕ್ಕದು, ಟೂ ವೀಲಿನಲ್ಲಿ ನಿಧಾನವಾಗಿ ಪಂಚರ್ ಅಂಗಡಿವರೆಗೆ ಹೋಗಬಹುದು. ಆದರೂ ಐದು ತೆಗೆದುಕೊಳ್ಳುವುದೇ ವಾಸಿ.

ಮಳೆ ಲೆಕ್ಕದವನು

235 ಹಾಕಿದರೆ ಮೀಟರ್ ತಪ್ಪು ತೋರಿಸುತ್ತಾ?

ಸ್ಪ್ಯಾನರ್ ಹದಿನೇಳು

ಶೇ. 5.8ರಷ್ಟು ವ್ಯತ್ಯಾಸ. ಕಂಪನಿ ಟಯರಿನಲ್ಲಿ ಮೀಟರ್ 80 ಅನ್ನುವಾಗಿನ ವೇಗ, ದೊಡ್ಡದರಲ್ಲಿ ಅದೇ 80ಕ್ಕೆ ಸುಮಾರು 85 ಆಗಿರುತ್ತದೆ. ಅದಕ್ಕಿಂತ ಏರಿನಲ್ಲಿ ಗೊತ್ತಾಗುತ್ತದೆ. ಪ್ರತಿ ಗಿಯರೂ ಅಷ್ಟು ಭಾರ ಆಗುತ್ತದೆ. ಜಿಮ್ನಿಯದು 134 ನ್ಯೂಟನ್ ಮೀಟರಿನ ಪೆಟ್ರೋಲ್ ಎಂಜಿನ್, ಡೀಸೆಲ್ ಹಾಗೆ ಕೆಳಗೆ ಎಳೆಯುವುದಿಲ್ಲ. ಸೆಕೆಂಡಿನಲ್ಲಿ ಹತ್ತುತ್ತಿದ್ದ ಏರಿಗೆ ಫಸ್ಟ್ ಬೇಕಾಗುತ್ತದೆ. ಕ್ಲಚ್ ಒತ್ತಿಕೊಂಡೇ ಹತ್ತಿಸುವ ಅಭ್ಯಾಸ ಇದ್ದರೆ ನನ್ನ ಗ್ಯಾರೇಜಿಗೆ ಬೇಗ ಬರುತ್ತೀರಿ.

ಬೆಂಗಳೂರು ಥಾರ್

ಸರಿಯಪ್ಪ, ನಾನು ಸೋತೆ. ಒಂದು ಒಪ್ಪಿಕೊಳ್ಳುತ್ತೇನೆ, ಇದನ್ನು ಓದಿ ನಾನೂ ನಿನ್ನೆ ಚಕ್ರಕ್ಕೆ ಸುಣ್ಣ ಹಚ್ಚಿ ನೋಡಿದೆ. ಲೈನರ್ ಹರಿದೇ ಹೋಗಿದೆ, ಇಷ್ಟು ದಿನ ಹಾಡು ಜೋರಾಗಿ ಹಾಕಿಕೊಂಡು ಕೇಳಿಸಿಕೊಂಡೇ ಇರಲಿಲ್ಲ.

ನಿಟ್ಟೂರು ಮಣ್ಣುದಾರಿ

ಕೊನೆಗೆ 215/75 ಎಟಿ ಐದು ತಂದೆ. ಕಂಪನಿ ರಿಮ್ಮಿಗೇ ಹಾಕಿಸಿ ಅದೇ ಹಲಸಿನ ದಿಮ್ಮಿ, ಅದೇ ಸುಣ್ಣ. ಎಲ್ಲೂ ಬಿಳಿ ಹತ್ತಲಿಲ್ಲ, ಒಳಗೆ ಚೈನಿಗೆ ಬೇಕಾದಷ್ಟು ಜಾಗವೂ ಉಳಿದಿದೆ.

ಮೊನ್ನೆ ಮೃಗಶಿರ ಮಳೆ ಎರಡು ದಿನ ಬಿಡದೆ ಹೊಡೆಯಿತು. ಕೊಪ್ಪದ ಅಣ್ಣ ಹೇಳಿದ್ದು ನೆನಪಾಗಿ ಹಳ್ಳದ ಹತ್ತಿರ ಇಳಿದು ಕೋಲು ಚುಚ್ಚಿ ನೋಡಿದೆ. ಒಂದು ಗೇಣು ಗೊಜ್ಜು, ಅಡಿಯಲ್ಲಿ ಟಣ್ ಅನ್ನುವ ಜಂಬಿಟ್ಟಿಗೆ. ಗಾಳಿ 20 ಪಿಎಸ್‌ಐಗೆ ಇಳಿಸಿ ಫೋರ್ ಲೋದಲ್ಲಿ ಹತ್ತಿಸಿದೆ. ಹಳೆಯ ಸವೆದ ಟಯರಿನ ಹಾಗೆ ಪಕ್ಕಕ್ಕೆ ಜಾರಲಿಲ್ಲ. ಮನೆಯಲ್ಲಿ ಬ್ಯಾಟರಿ ಪಂಪ್ ಇದೆ, ಟಾರು ರಸ್ತೆಗೆ ಹೋಗುವ ಮೊದಲು ತುಂಬಿಸಿಕೊಳ್ಳುತ್ತೇನೆ.

ದಿಣ್ಣೆ ಮಾತ್ರ ಇನ್ನೂ ತಾಗುತ್ತಿತ್ತು. 5 ಮಿ.ಮೀ.ನಲ್ಲಿ ಅದೆಲ್ಲಿ ಹೋಗುತ್ತದೆ. ನಾನು, ಅಪ್ಪಯ್ಯ, ಪಕ್ಕದ ಮನೆಯ ಭಾವ ಸೇರಿ ಒಂದು ಭಾನುವಾರ ಆ ಏರಿನ ನಡುದಿಣ್ಣೆ ಕೆತ್ತಿ, ಆ ಮಣ್ಣನ್ನೇ ಜಾಡಿಗೆ ತುಂಬಿ, ಮೇಲೆ ಜಲ್ಲಿ ಹಾಕಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು.

ದನದ ಡಾಕ್ಟ್ರು

ಹಳೆಯ ಟಯರ್ ಏನು ಮಾಡಿದಿರಿ? ನಮ್ಮ ಕಾಂಪೌಂಡರ್ ಕೇಳುತ್ತಿದ್ದಾರೆ.

ನಿಟ್ಟೂರು ಮಣ್ಣುದಾರಿ

ನಾಲ್ಕು ಸವೆದಿವೆ ಮೇಡಂ, ಕೊಟ್ಟಿಗೆ ಹಿಂದೆ ಬಿದ್ದಿವೆ. ಸ್ಟೆಪ್ನಿ ಮಾತ್ರ ನೆಲವನ್ನೇ ಕಂಡಿಲ್ಲ. ಅದು ಬೇಕಿದ್ದರೆ ಹೇಳಿ, ಗುರುವಾರ ಹೊಸನಗರಕ್ಕೆ ಬರುವಾಗ ತರುತ್ತೇನೆ.